ಅಜ್ಜಿಯ ತವರಿಗೆ ಅರ್ಧ ಗಂಟೆ

ಅಜ್ಜಂಪುರಕ್ಕೆ ಬಂದ ಎರಡನೇ ವಾರವೇ ಸಿಂಗಟಗೆರೆಗೆ ಹೋಗಿ, ಹಿಂದೆಂದೂ ಕಂಡಿರದ ಮುದುಕಿಯೊಬ್ಬರ ಮುಂದೆ ಪ್ಲಾಸ್ಟಿಕ್ ನಳಿಕೆ ಹಿಡಿದು, "ಇದರೊಳಗೆ ಒಂದಿಷ್ಟು ಉಗುಳಿ ಅಮ್ಮಾ" ಎಂದೆ.

"ಮನೆಗ್ ಬಂದೋರು ನೀರು ಕೇಳ್ತಾರೆ, ಮಜ್ಜಿಗೆ ಕೇಳ್ತಾರೆ. ನೀನೇನವ್ವಾ, ಎಂಜ್ಲು ಕೇಳ್ತೀಯಾ!" ಎಂದು ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು.

ಹುಬ್ಬಳ್ಳಿಯವರೇ, ನಗಬೇಡಿ. ನಾನು ಊರು ಬಿಟ್ಟು ಬಂದದ್ದೇ ಆ ಎಂಜಲಿಗಾಗಿ.

ನನ್ನ ಅಜ್ಜಿ, ಅವ್ವನ ಅವ್ವ, ನಾಲ್ಕೈದು ವರ್ಷದ ಮಗುವಾಗಿದ್ದಾಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಒಬ್ಬಳೇ ಸಿಕ್ಕವಳು. ಸಾಕಿದವರು ರೈಲ್ವೆ ಕಲಾಸಿಯ ಮನೆಯವರು. ಅವಳಿಗೆ ನೆನಪಿದ್ದದ್ದು ಅಜ್ಜಂಪುರ ಎಂಬ ಹೆಸರೊಂದೇ. ಅಜ್ಜ ಇನ್ನೂ ಗಟ್ಟಿಯಾಗಿದ್ದಾನೆ, ಮನೆ ತುಂಬ ಮೊಮ್ಮಕ್ಕಳಿದ್ದೇವೆ. ಆದರೂ ಓಣಿಯ ಹೆಂಗಸರಿಗೆ ತವರಿನಿಂದ ಉಡಿ ಬಂದ ದಿನ ಅಜ್ಜಿ ಒಳಗೆ ಹೋಗಿ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಾಳೆ. ಕಳೆದ ವರ್ಷ ಅವಳ ಉಗುಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಕಡೂರಿನ ಕಾಲೇಜಿನಲ್ಲಿ ಪಾಠ ಮಾಡುವ ಲತಾ ಎಂಬವರ ಜೊತೆ ತಾಳೆಯಾಯಿತು. ಅವರು ಬರೀ ಕುತೂಹಲಕ್ಕೆ ಪರೀಕ್ಷೆ ಮಾಡಿಸಿದ್ದರಂತೆ. ನನ್ನ ಅಜ್ಜಿ ಲತಾಳ ಅಜ್ಜಿಯ, ಅಂದರೆ ಈ ಗೌರಮ್ಮನ, ಒಡಹುಟ್ಟಿದವಳಿರಬಹುದು ಎಂದಿತು ವರದಿ. ನಾನು ನರ್ಸ್. ಅಜ್ಜಂಪುರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಹಿಡಿದು ಗಂಟುಮೂಟೆ ಕಟ್ಟಿದೆ.

ರೂಮು ಹುಡುಕುವಾಗಲೇ ತಲೆ ಕೆಟ್ಟಿತು. ನಮ್ಮಲ್ಲಾದರೆ "ಅಡ್ಡಹೆಸರು ಏನ್ರಿ?" ಎಂದು ಕೇಳಿ ಮುಗಿಸುತ್ತಾರೆ. ಇಲ್ಲಿ ಅಡ್ಡಹೆಸರೇ ಇಲ್ಲ, ಹೆಸರಿನ ಮುಂದೆ ಒಂದೆರಡು ಇನಿಷಿಯಲ್ ಅಷ್ಟೇ. ಬದಲಿಗೆ "ನೀವು ಯಾರ ಪೈಕಿ?" ಎನ್ನುತ್ತಾರೆ. ಯಾರ ಕಡೆಯವರು, ಯಾವ ಮನೆತನ ಎಂದರ್ಥ. ಅದು ಗೊತ್ತಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ? ಮುದ್ದೆಯನ್ನು ಅಗಿಯದೆ ನುಂಗುವುದನ್ನು ಮಾತ್ರ ಒಂದು ತಿಂಗಳಲ್ಲಿ ಕಲಿತೆ. ಇಲ್ಲಿ ನಾನು ಗೆದ್ದದ್ದು ಅದೊಂದೇ.

ವರದಿಯನ್ನು ಲತಾಗೆ ತೋರಿಸಿದರೆ ಆಕೆ ನಕ್ಕುಬಿಟ್ಟಳು.

"ಈ ಲೆಕ್ಕ ನಮ್ಮನೇಲಿ ನಡೆಯಲ್ಲ ಕಣ್ರೀ. ನಮ್ಮಮ್ಮ ಮದುವೆಯಾಗಿರೋದು ತನ್ನ ಸೋದರಮಾವನ್ನೇ. ಗೌರಮ್ಮ ನನಗೆ ಅಜ್ಜಿನೂ ಹೌದು, ಸೋದರತ್ತೆನೂ ಹೌದು."

ಅಂದರೆ ಒಂದೇ ಮನೆಯ ರಕ್ತ ಲತಾಗೆ ತಾಯಿಯಿಂದಲೂ ಬಂದಿದೆ, ತಂದೆಯಿಂದಲೂ ಬಂದಿದೆ. ದೂರದ ನೆಂಟರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ನನ್ನ ಅಜ್ಜಿ ಗೌರಮ್ಮನ ಸ್ವಂತ ಅಕ್ಕನೋ, ಚೌಳಹಿರಿಯೂರು, ತರೀಕೆರೆಗಳಲ್ಲಿ ಹರಡಿಕೊಂಡಿರುವ ಹತ್ತಾರು ದಾಯಾದಿ ಮನೆಗಳಲ್ಲಿ ಯಾವುದಕ್ಕೋ ಸೇರಿದವಳೋ, ಗೌರಮ್ಮನ ಉಗುಳೊಂದೇ ಹೇಳಬೇಕು.

ಮೂರನೇ ಸಲ ಹೋದಾಗ ಗೌರಮ್ಮ ಒಪ್ಪಿದರು. ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಹೇಳಿ ನಾನು ಲತಾಳ ಜೊತೆ ತೆಂಗಿನ ತೋಟ ನೋಡಲು ಹೋದೆ. ವಾಪಸ್ ಬಂದಾಗ ಅವರ ತುಟಿ ಕೆಂಪಾಗಿತ್ತು.

"ತಿಂದಿಲ್ಲ ಕಣವ್ವ, ದೇವ್ರಾಣೆ. ಬರೀ ಎಲೆ ಅಡಿಕೆ ಹಾಕ್ಕಂಡೆ."

ಇಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವುದು ತಿನ್ನುವ ಲೆಕ್ಕಕ್ಕೆ ಬರುವುದಿಲ್ಲ. ನರ್ಸ್ ಆದ ನಾನು ಇನ್ನೂ ಅರ್ಧ ಗಂಟೆ ಕಾಯಿಸಬೇಕಿತ್ತು. ಮತ್ತೆ ಕೇಳುವ ಧೈರ್ಯವಾಗದೆ ಬಾಯಿ ಮುಕ್ಕಳಿಸಲು ಹೇಳಿ ಉಗುಳು ತೆಗೆದುಕೊಂಡೆ. ತಿಂಗಳಾದ ಮೇಲೆ ಮಾದರಿ ಕೆಟ್ಟಿದೆ, ಇನ್ನೊಂದು ಕಳಿಸಿ ಎಂದು ಉತ್ತರ ಬಂತು. ನನ್ನ ಮೇಲೇ ನನಗೆ ರೇಗಿ ಹೋಯಿತು.

ಗೌರಮ್ಮ ಎರಡನೇ ಸಲಕ್ಕೆ ಬಿಲ್‌ಕುಲ್ ಒಪ್ಪಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: "ನನಗಿಂತ ದೊಡ್ಡೋಳು ಒಬ್ಳಿದ್ಲಂತೆ. ತೀರ್ಕಂಡ್ಲು ಅನ್ನೋಳು ನಮ್ಮವ್ವ. ಜಾಸ್ತಿ ಕೇಳಿದ್ರೆ ಅಳೋಳು. ಈಗ ನಿನ್ ಪೈಪು ನಮ್ಮವ್ವನ್ನ ಸುಳ್ಳುಗಾತಿ ಅಂದ್ರೆ ನಾನೇನ್ ಮಾಡ್ಲಿ?" ಆಮೇಲೆ ಮಗಳ ಕೈಯಿಂದ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಗಂಟು ಕಟ್ಟಿಸಿದರು. "ತವರಿನ ಮಡ್ಲಕ್ಕಿ ಅಂತ ಕೊಡು. ಸಾಕು."

ನಮ್ಮ ಉಡಿಯೇ ಇಲ್ಲಿ ಮಡಿಲಕ್ಕಿ. ಗಂಟು ಹಿಡಿದು ರೈಲು ಹತ್ತಿದೆ. ಮನೆಯಲ್ಲಿ ಬಾಯಿತಪ್ಪಿ "ಬಂದ್ಬಿಟ್ಟೆ" ಅಂದದ್ದಕ್ಕೆ ತಮ್ಮ ನಕ್ಕ: "ಅಕ್ಕಾ, ನೀ ಆ ಕಡೆಯಾಕಿನ ಆಗೀ." ಅಜ್ಜಿ ನಗಲಿಲ್ಲ. ಗಂಟನ್ನು ಮುಟ್ಟಿ, "ಯಾರ ಮನೀದು?" ಎಂದಳು.

"ಇನ್ನೂ ಖಾತ್ರಿ ಆಗಿಲ್ಲ ಅಜ್ಜಿ."

"ಮಂದಿ ಮನಿ ಉಡಿ ಜಲ್ಮ ಪೂರ್ತಿ ತುಂಬಿಸ್ಕೊಂಡೇನಿ. ನಮ್ಮವರದಿದ್ರ ತಾ, ಇಲ್ಲಾಂದ್ರ ಹೊಳ್ಳಿ ಒಯ್ಯಿ."

ಒಯ್ದೆ. ಮುದುಕಿಯರಿಬ್ಬರ ಹಟದ ನಡುವೆ ನಾನೊಬ್ಬಳು ಪೋಸ್ಟ್‌ಮನ್ ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಸಿಂಗಟಗೆರೆಯಲ್ಲಿ ಗಂಟನ್ನು ಮುಂದಿಟ್ಟು, ಅಜ್ಜಿ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಗೌರಮ್ಮ ಎದ್ದು ಜಗಲಿಯ ಅಂಚಿಗೆ ಹೋಗಿ ಬಾಯಲ್ಲಿದ್ದ ಎಲೆ ಉಗಿದರು. ಚೊಂಬಿನ ನೀರು ಖಾಲಿಯಾಗುವವರೆಗೆ ಬಾಯಿ ಮುಕ್ಕಳಿಸಿದರು.

"ಎಷ್ಟೊತ್ತು ಅಂದೆ?"

"ಅರ್ಧ ಗಂಟೆ ಅಮ್ಮಾ."

"ನೋಡ್ಕೊ ಗಡಿಯಾರ."

ಎಲೆಚೀಲವನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಗಂಟನ್ನು ನನ್ನ ಕಡೆ ಸರಿಸಿ, "ತಾಳೆ ಆಗ್ದೆ ಹೋದ್ರೆ ಇದನ್ನ ನೀನೇ ಇಟ್ಕೊ. ಇಷ್ಟು ದಿನ ಓಡಾಡ್ದೆ, ನೀನು ನಮ್ ಪೈಕಿನೇ" ಎಂದರು.

ನನಗೆ ಸಿಟ್ಟೇ ಬಂತು. ಅಜ್ಜಿ ಜನ್ಮವೆಲ್ಲ ಕಾದರೂ ಸಿಗದ ಮಾತು ನನಗೆ ಇಷ್ಟು ಸುಲಭವಾಗಿ ಸಿಗಬಾರದಿತ್ತು. ನನಗೆ ತವರು ಹುಬ್ಬಳ್ಳಿಯಲ್ಲೇ ಇದೆಯಲ್ಲ. ಗಂಟನ್ನು ಮಡಿಲಿಗೆ ತೆಗೆದುಕೊಳ್ಳಲೂ ಇಲ್ಲ, ಹಿಂದಕ್ಕೆ ತಳ್ಳಲೂ ಇಲ್ಲ. ಗಡಿಯಾರ ನೋಡಿದೆ. ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು.