ಅಷ್ಟಮಿ ಚಂದ್ರನ ಕುಣಿ

"ಅವ್ವಾ, ರೇವಯ್ಯಜ್ಜ ಚಂದಪ್ಪನ ಕೂಡ ಯಾಕ ಜಗಳಾ ಮಾಡ್ತಾನ?"

ನೀಲಗಂಗಾ ಹೀಗೆ ಕೇಳಿದಾಗ ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಜಗಳವಲ್ಲ, ಅಜ್ಜನಿಗೆ ಒಂದು ಚಿಂತೆ ಹತ್ತಿದೆ ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ರೇವಯ್ಯನವರು ನಮ್ಮ ಮುರುಮ ಊರಿನ ಜಂಗಮರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಇಷ್ಟಲಿಂಗಕ್ಕೆ ಕಂತಿ ಕಟ್ಟುವುದು ಅವರ ಕಸುಬು. ಪುಟ್ಟ ಕಲ್ಲಿನ ಲಿಂಗಕ್ಕೆ ಕರಿಯ ಕವಚ ಕೂಡಿಸಿ, ಮಿರಿಮಿರಿ ಹೊಳೆಯುವ ತನಕ ಅಂಗೈಯಲ್ಲಿ ತಿಕ್ಕುತ್ತಾರೆ. ಅದರಲ್ಲಿ ಸೂಜಿಮೊನೆಯಷ್ಟು ತಗ್ಗು, ಕುಣಿ ಬಿದ್ದರೂ ಕಟ್ಟಿಕೊಂಡವರು ಹೊಸದು ಬರುವ ತನಕ ಬಾಯಿಗೆ ತುತ್ತು ಹಾಕುವುದಿಲ್ಲ. ಯುಗಾದಿ ಮುಂದಿಟ್ಟುಕೊಂಡು ಮುದುಕಿ ಶೇವಂತಾಬಾಯಿಗೆ ಹಾಗೆಯೇ ಆಯಿತು. ಉಪವಾಸ ಕೂತ ಆಕೆ ಓಣಿಗೆಲ್ಲ ಕೇಳುವಂತೆ, "ಅಯ್ನೋರ, ಕಂತಿ ಕಟ್ಟೀರೋ, ಜರಡಿ ಕಟ್ಟೀರೋ?" ಎಂದಳು. ರೇವಯ್ಯನವರು ನಕ್ಕರು. ಆದರೆ ಅಂದಿನಿಂದ ಕಣ್ಣು ತಿಕ್ಕಿಕೊಳ್ಳುವುದು ಹೆಚ್ಚಾಯಿತು.

ನಿಜಾಮರ ಫೌಜಿನಲ್ಲಿದ್ದ ಉದಗೀರದ ಶಿಷ್ಯ ಗುರುಲಿಂಗಪ್ಪ ಅವರಿಗೆ ಒಂದು ಹಿತ್ತಾಳೆ ದುರ್ಬೀನು ಕೊಟ್ಟಿದ್ದ. ಹೋದ ತಿಂಗಳ ಅಷ್ಟಮಿಗೆ ಅದರಲ್ಲಿ ಚಂದ್ರನನ್ನು ನೋಡಿದಾಗ, ಬೆಳಕು ಕತ್ತಲೆ ಕೂಡುವ ಗೆರೆಯ ಹತ್ತಿರ ಸಾಸಿವೆಯಷ್ಟು ಕುಣಿ ಕಂಡಿತಂತೆ. ಮರುದಿನ ಇರಲಿಲ್ಲ. ಅದು ಚಂದ್ರನದೋ, ಗಾಜಿನದೋ, ತಮ್ಮ ಕಣ್ಣಿನದೋ ತಿಳಿಯಲಿಲ್ಲ. ಕಣ್ಣಿನದಾದರೆ ಕಸುಬು ಮುಗಿದಂತೆ. ಗಾಜು ಒರೆಸಿದರು, ಕೊಳವೆ ತಿರುಗಿಸಿದರು, ಚಂದ್ರನಿಗೆ ಬೈದರು. ಮತ್ತೆ ಅಂಥದೇ ಬೆಳಕು ಬೀಳಲೆಂದು ಕಾದರು.

ಇಂದು ಅಷ್ಟಮಿ. ಸಂಜೆ ಮಾಳಿಗೆಗೆ ಕರೆದು ಮೊದಲು ನನಗೇ ನೋಡಲು ಹೇಳಿದರು. ಎಲ್ಲಿ ಎಂದು ಮಾತ್ರ ಹೇಳಲಿಲ್ಲ. ಹುಡುಕಿದೆ, ಸಿಕ್ಕಿತು. ದುಂಡನೆಯ ಕುಣಿ, ಸುತ್ತ ಎದ್ದ ಅಂಚು, ಆಚೆ ಬಿಳಿ ಪುಡಿ ಸಿಡಿದಂತೆ, ಅದರೊಳಗೆ ಇನ್ನೂ ಸಣ್ಣ ಕುಣಿಗಳು. ಹೇಳಿದೆ. ತಮ್ಮ ಕಣ್ಣು ಸುಳ್ಳು ಹೇಳಿರಲಿಲ್ಲವೆಂದು ಅವರ ಮುಖ ಅರಳಿತು. ನೀಲಗಂಗಾಳ ಕೈಗೆ ಹುಣಸೆಬೀಜ ಕೊಟ್ಟು ಭಸ್ಮದ ತಟ್ಟೆಯೊಳಗೆ ಎತ್ತರದಿಂದ ಬಿಡಿಸಿದರು. ಅಂಥದೇ ಕುಣಿ, ಅಂಥದೇ ಅಂಚು. ಅಲ್ಲಿಯೂ ಏನೋ ಮೇಲಿನಿಂದ ಬಿದ್ದಿರಬೇಕು ಎಂದರು.

ಆಮೇಲೆ ತಾವು ಕಣ್ಣು ಹಚ್ಚಿದರು. ಬಹಳ ಹೊತ್ತಾಯಿತು. ಕೂಸು ಅತ್ತಿತು, ಎತ್ತಿಕೊಂಡೆ.

"ಎಡಕ್ಕದ ಏನ್ ಬಲಕ್ಕದ, ಅವ್ವಾ?" ಎಂದು ರೇವಯ್ಯನವರು ಕೇಳಿದರು.

"ಗೆರಿ ಬಾಜೂಕೇ ಅದರಿ."

ಇನ್ನೊಂದು ಕಣ್ಣು ಹಚ್ಚಿದರು. ಹೋದ ಅಷ್ಟಮಿಗೆ ಕಂಡದ್ದು ಈ ಅಷ್ಟಮಿಗೆ ಅವರಿಗೆ ಕಾಣಲಿಲ್ಲ.

ಸೋಮವಾರ ನಮ್ಮ ಕೂಸಿಗೆ ಲಿಂಗಧಾರಣೆ. ಲಿಂಗ ಅವರ ಕೈಯದೇ. ಕೆಳಗಿಳಿದು ಅರಿವೆಯ ಗಂಟು ಬಿಚ್ಚಿ ಅದನ್ನು ನನ್ನ ಅಂಗೈಯಲ್ಲಿಟ್ಟರು. ಅವರ ಬೆರಳು ಅದನ್ನು ಬಿಡಲು ತಡಮಾಡಿತು.

"ಮುಂಜಾನಿ ಬಿಸಲಾಗ ಹಿಡದು ಸುತ್ತೂ ನೋಡವ್ವಾ. ಕುಣಿ ಇದ್ರ, ನನ್ನ ಮಾರಿ ನೋಡಿ ಮುಚ್ಚಿಡಬ್ಯಾಡ."