ಪೆಟ್ಟಿಗೆಯ ಕೆಳಗಿದ್ದವಳು

ಜನ ಚಪ್ಪಾಳೆ ತಟ್ಟಿದ್ದು ನನ್ನ ಮರದ ಕಾಲಿಗೆ. ಆ ಕಾಲು ಒಂದು ದಿನವೂ ಹಾರ್ಮೋನಿಯಂ ತುಳಿದಿಲ್ಲ — ಕೆಳಗೆ ಕೂತು ಕೈಯಿಂದ ಗಾಳಿ ತುಂಬುತ್ತಿದ್ದವಳು ನನ್ನ ಹೆಂಡತಿ ಗಿರಿಜ. ಇದನ್ನು ಇಷ್ಟು ವರ್ಷ ಬಚ್ಚಿಟ್ಟೆ.

ಎಪ್ಪತ್ತರ ದಶಕದಲ್ಲಿ ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ನಾನು ನಾಟಕದ ಮೇಷ್ಟ್ರು. ನನ್ನದು ಕಾಲಿನಿಂದ ಪೆಡಲು ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ ಪೆಟ್ಟಿಗೆ. ಬಾರಿಸುವುದಕ್ಕೆ ಎರಡೂ ಕೈ ಬೇಕು. ಕಡೂರಿನಿಂದ ಸೀನರಿ ಪರದೆ ತರುವಾಗ ನಾನು ಕೂತಿದ್ದ ಲಾರಿ ಮಗುಚಿತು. ಬಲಗಾಲು ಮಂಡಿಯ ಕೆಳಗೆ ಹೋಯಿತು, ಎಡಗಾಲಿನಲ್ಲಿ ತ್ರಾಣ ಉಳಿಯಲಿಲ್ಲ. ಮರದ ಕಾಲು ಹಾಕಿಸಿಕೊಂಡೆ, ಅದರಿಂದ ಪೆಡಲು ತುಳಿಯಲಾಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಒಂದು ದಿನ ಗಿರಿಜ ಪೆಟ್ಟಿಗೆಯನ್ನು ದರದರ ಎಳೆದು ತಂದು, ಕೆಳಗೆ ಕೂತು ಎರಡೂ ಕೈಯಲ್ಲಿ ಪೆಡಲು ಒತ್ತುತ್ತಾ, "ಬಾರ್ಸಿ, ನೋಡಣ" ಅಂದಳು. ಬಾರಿಸಿದೆ — ಬಾರಿಸುತ್ತಲೇ ಅತ್ತುಬಿಟ್ಟೆ.

ಮತ್ತೆ ಊರೂರಿಗೆ ಹೋದೆವು. ಪೆಟ್ಟಿಗೆಗೆ ನೆಲ ಮುಟ್ಟುವ ಬಟ್ಟೆ ಇಳಿಬಿಟ್ಟವನು ನಾನೇ. ಹೆಂಡತಿ ಗಾಳಿ ಹಾಕಿದರೆ ಗಂಡ ಬಾರಿಸುತ್ತಾನೆ ಎಂದು ಜನ ಆಡಿಕೊಂಡಾರು ಅನ್ನುವ ನಾಚಿಕೆ — ಬೇರೆ ಕಾರಣವಿರಲಿಲ್ಲ. ಜನ ಸೇರುವ ಮೊದಲೇ ಅವಳು ಬಟ್ಟೆಯೊಳಗೆ ನುಸುಳಿಕೊಳ್ಳುತ್ತಿದ್ದಳು. ಪಾತ್ರಧಾರಿ ಎಳೆದು ಹಾಡಿದರೆ ಅವಳ ಕೈಯೂ ನಿಧಾನವಾಗುತ್ತಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಜ್ಜಂಪುರದ ಹತ್ತಿರದ ಒಂದು ಹಳ್ಳಿ. ಹಾಡು ನಡೆಯುತ್ತಿರುವಾಗಲೇ ಊರಿನ ಪಟೇಲರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಷ್ಟ್ರೇ, ಕೆಳಗ್ಯಾರಾದ್ರೂ ಅವ್ರಾ?"

"ಯಾರೂ ಇಲ್ಲ ಕಣ್ರೀ. ಎಲ್ಲಾ ಈ ಮರದ ಕಾಲೇ."

ನನ್ನ ಮಂಡಿಯ ಪಕ್ಕದಲ್ಲೇ ಇದ್ದಳು, ಕೇಳಿಸಿಯೇ ಇರುತ್ತದೆ. ಆದರೂ ಗಾಳಿ ನಿಲ್ಲಲಿಲ್ಲ. ಪಟೇಲರು ಶಾಲು ಹೊದಿಸಿದರು — ನಾಚಿಕೆಗೆಟ್ಟವನು, ಹೊದ್ದುಕೊಂಡೆ!

ನನ್ನ ಮಾನ ಉಳಿಸಲೆಂದೇ ಅವಳು ಅವತ್ತು ಕೈ ಬಿಡಲಿಲ್ಲ ಅಂದುಕೊಂಡಿದ್ದೆ. ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಬಿಟ್ಬಿಡಣ ಅನ್ನಿಸ್ತು. ಪಾಪ, ರಾಜನ ಪಾರ್ಟಿನೋನು ಹಾಡ್ತಾ ಇದ್ದ. ಅವನೇನ್ ಮಾಡಿದ್ದ?"

ನನಗಾಗಿ ಅಲ್ಲವಂತೆ! ನಾನು ಉಂಡ ಅನ್ನ, ಗಳಿಸಿದ ಹೆಸರು, ಕಾಲು ಹೋದ ಮೇಲೆ ಬಾರಿಸಿದ ಒಂದೊಂದು ಹಾಡೂ ಅವಳು ಕೊಟ್ಟದ್ದು. ಅದಕ್ಕೆ ಅವಳಿಗೆ ಕೈ ಮುಗಿಯುತ್ತೇನೆ, ಮನಸಾರೆ. ಪಟೇಲರಿಗೆ "ಯಾರೂ ಇಲ್ಲ" ಅಂದ ಆ ಒಂದು ಮಾತಿಗೆ ಮಾತ್ರ ಕೈ ಮುಗಿದರೆ ಸಾಲದು.

ಪಟೇಲರು ಇನ್ನೂ ಇದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಕೆಳಗಿದ್ದವಳು ಗಿರಿಜ ಎಂದು ಹೇಳಿ ಬರುತ್ತೇನೆ.