ಬೆಸ ಅಧ್ಯಾಯಗಳ ಮೇಷ್ಟ್ರು

ಬೇರೆಯವರ ಕೊರಳಲ್ಲಿ ತಾಯಿತ ಇರುವ ಜಾಗದಲ್ಲಿ ಮೇಷ್ಟ್ರ ಕೊರಳಲ್ಲಿ ಪೆನ್‌ಡ್ರೈವ್ ಇರುತ್ತಿತ್ತು. ಕರಿದಾರಕ್ಕೆ ಕಟ್ಟಿದ್ದು, ಬನಿಯನ್ನಿನ ಒಳಗೆ. ಚಿಂತಾಮಣಿಯ ನನ್ನ ಡಿಟಿಪಿ ಅಂಗಡಿಗೆ ಬಂದರೂ ಅದನ್ನು ಬಿಚ್ಚಿ ಕೊಡುತ್ತಿರಲಿಲ್ಲ. ಬಗ್ಗಿ, ಕಂಪ್ಯೂಟರಿನ ಡಬ್ಬಕ್ಕೆ ಕೆನ್ನೆ ತಾಗಿಸಿ, ತಾವೇ ಅದನ್ನು ಚುಚ್ಚಿ, ಫೈಲು ಹೋಗುವವರೆಗೆ ಹಾಗೇ ನಿಂತಿರುತ್ತಿದ್ದರು. ಜೆರಾಕ್ಸಿಗೆ ಬಂದವರು ನಗು ತಡೆಯಲಾರದೆ ರಸ್ತೆಯ ಕಡೆ ತಿರುಗುತ್ತಿದ್ದರು.

ದಿಬ್ಬೂರಹಳ್ಳಿಯ ಕಡೆ ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುವ ಮೂರನೇ ಕ್ಲಾಸಿನ ಮಕ್ಕಳನ್ನು ಎಚ್ಚರವಾಗಿಡಲು ಹೇಳಿದ ಕಥೆಗಳೇ ಮುಂದೆ ಕಾದಂಬರಿಗಳಾದವು. ಬೆಟ್ಟದ ಹೊಟ್ಟೆಯಲ್ಲೊಂದು ಊರು, ನೆರಳು ಕಳೆದುಕೊಂಡ ರಾಜ, ಮಾತಾಡುವ ಹುಣಸೆಮರ. ಇಂಥ ಒಂಬತ್ತು ಪುಸ್ತಕ ಬರೆದರು. ಶಾಲೆಗಳ ಲೈಬ್ರರಿಯಲ್ಲಿ ಅವು ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡವು. ದೊಡ್ಡವರ ಸಭೆಗಳಲ್ಲಿ ಮಾತ್ರ ಅವರನ್ನು ಯಾರೂ ಸಾಹಿತಿ ಎಂದು ಕರೆದಂತಿಲ್ಲ. ಕೇಳಿದರೆ ನಗುತ್ತಿದ್ದರು: "ದೊಡ್ಡೋರು ಬೇಜಾರಾದ್ರೂ ಮರ್ಯಾದೆಗೆ ಕೂತಿರ್ತಾರಮ್ಮ. ಮಕ್ಳು ಎದ್ದೋಗ್ತಾರೆ."

ಇಷ್ಟು ಚೆನ್ನಾಗಿ ಮಾತಾಡುವ ಮನುಷ್ಯನ ಮೇಲೆ ನನಗೆ ಮೊದಲ ದಿನದಿಂದಲೂ ಸಿಟ್ಟು. ಅವರು ನನಗೆ ಟೈಪ್ ಮಾಡಲು ಕೊಡುತ್ತಿದ್ದದ್ದು ಒಂದು, ಮೂರು, ಐದು, ಹೀಗೆ ಬೆಸ ಅಧ್ಯಾಯಗಳನ್ನು ಮಾತ್ರ. ಎರಡು, ನಾಲ್ಕು, ಆರು ಶಿಡ್ಲಘಟ್ಟದ ಇನ್ನೊಂದು ಅಂಗಡಿಗೆ. ಜೋಡಿಸುವುದು ಅವರೇ, ಮನೆಯಲ್ಲಿ. ಯಾಕೆ ಸಾರ್ ಎಂದರೆ, "ಒಬ್ಬರ ಕೈಗೇ ಪೂರ್ತಿ ಕೊಟ್ರೆ ಕಥೆ ಹೊರಗೆ ಹೋಗುತ್ತಮ್ಮ" ಎಂದರು. ಟೈಪಾದ ಮೇಲೆ ನನ್ನ ಕಂಪ್ಯೂಟರಿನಿಂದ ಅಳಿಸಬೇಕು, ಅದೂ ಅವರ ಕಣ್ಣೆದುರು. "ಕಸದ ಬುಟ್ಟೀನೂ ಖಾಲಿ ಮಾಡಮ್ಮ" ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಮದುವೆ ಪತ್ರಿಕೆಯಿಂದ ಹಿಡಿದು ಜಮೀನಿನ ಕಾಗದದವರೆಗೆ ಜನ ನನ್ನನ್ನು ನಂಬಿ ಬಿಟ್ಟುಹೋಗುತ್ತಾರೆ. ಇವರ ಮಾತಾಡುವ ಹುಣಸೆಮರವನ್ನು ಕದ್ದು ನಾನು ಎಲ್ಲಿ ನೆಡಲಿ?

ಅದು ಸಾಲದೆಂದು, ಟೀ ಕುಡಿಯುತ್ತಾ ಒಂದು ಪ್ರಶ್ನೆ ಬೇರೆ. "ನಡುವಿನ ಅಧ್ಯಾಯದಲ್ಲಿ ಏನಾಗಿರಬೌದು ಅನ್ಸುತ್ತೆ?" ಶಿಡ್ಲಘಟ್ಟದಿಂದ ಕದ್ದು ಓದಿದ್ದೇನೋ ಎಂದು ಪರೀಕ್ಷಿಸುತ್ತಿದ್ದಾರೆ ಅಂದುಕೊಂಡೆ. "ಗೊತ್ತಿಲ್ಲ ಸಾರ್" ಎಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಒಂದೇ ಒಂದು ಸಲ ಬಾಯಿ ಬಿಟ್ಟೆ. ಒಂಬತ್ತನೇ ಪುಸ್ತಕದಲ್ಲಿ ಬೆಟ್ಟದಷ್ಟು ದೊಡ್ಡ ರೇಷ್ಮೆಹುಳು ಲೋಕದ ದಾರಿಗಳನ್ನೆಲ್ಲ ನೂಲುತ್ತದೆ. ಕೊನೆಗೆ ತಾನೇ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ದಾರಿಗಳು ತುಂಡಾಗುತ್ತವೆ. ಬರದಂತೆ ಮಾಡಬೇಕಾದರೆ ನಮ್ಮ ಕಡೆ ಗೂಡಿನಿಂದ ಎಳೆ ಬಿಚ್ಚುವ ರೀಲರುಗಳು ಮಾಡುವಂತೆ ಗೂಡನ್ನು ಬಿಸಿನೀರಿಗೆ ಹಾಕಬೇಕು, ಹುಳು ಸಾಯಬೇಕು. ಹನ್ನೊಂದನೇ ಅಧ್ಯಾಯದ ಕೊನೆಯಲ್ಲಿ ಒಬ್ಬಳು ಹುಡುಗಿ ಕುದಿಯುವ ಹಂಡೆಯ ಮುಂದೆ ನಿಂತಿದ್ದಳು. ಕೊನೆಯದಾದ ಹನ್ನೆರಡು ಶಿಡ್ಲಘಟ್ಟದ ಪಾಲು. ನನಗೆ ತಡೆಯಲಾಗಲಿಲ್ಲ.

"ಬೇಯಿಸ್ಬೇಡಿ ಸಾರ್. ಚಿಟ್ಟೆ ಹಾರ್ಲಿ. ದಾರಿ ತುಂಡಾದ್ರೆ ಆಗ್ಲಿ."

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. "ಹನ್ನೆರಡು ನಿಂಗ್ಯಾರು ತೋರಿಸಿದ್ರು?"

ನನ್ನ ಮೈ ಉರಿದುಹೋಯಿತು. "ಯಾರೂ ತೋರಿಸ್ಲಿಲ್ಲ. ನಮ್ಮನೇಲಿ ಹುಳ ಸಾಕ್ತಿದ್ರು. ಗೂಡು ಮಾರ್ಕೆಟ್ಟಿಗೆ ಹೋಗೋ ದಿನ ನಾನು ಊಟ ಮಾಡ್ತಿರ್ಲಿಲ್ಲ. ನಂಬೋದಾದ್ರೆ ನಂಬಿ, ಇಲ್ದಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

"ಆಯ್ತು, ಬರ್ತೀನಮ್ಮ" ಎಂದು ಎದ್ದು ಹೋದರು.

ಕೆಲವು ತಿಂಗಳಲ್ಲಿ ಪುಸ್ತಕ ಬಂತು. ನಿಂತಲ್ಲೇ ಕೊನೆಯ ಅಧ್ಯಾಯ ತೆಗೆದೆ. ಹುಡುಗಿ ಹಂಡೆಯನ್ನು ಬಗ್ಗಿಸುತ್ತಾಳೆ, ಚಿಟ್ಟೆ ಹಾರುತ್ತದೆ, ಜನ ತುಂಡಾದ ದಾರಿಗಳಿಗೆ ಗಂಟು ಹಾಕಿಕೊಂಡು ನಡೆಯುತ್ತಾರೆ. "ತುಂಡಾದ್ರೆ ಆಗ್ಲಿ" ಎಂಬ ನನ್ನ ಮಾತು ಅವಳ ಬಾಯಲ್ಲಿ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಕೇಳಲು ಅಭಿಮಾನ ಅಡ್ಡ ಬಂತು. ಅಂದಿನಿಂದ ಅವರಿಗೆ ಟೀ ತರಿಸುವುದನ್ನು ನಿಲ್ಲಿಸಿದೆ. ಒಮ್ಮೆ ಅವರೇ ನೆನಪು ಮಾಡಿದಾಗ ಟೀ ಅಂಗಡಿ ಮುಚ್ಚಿದೆ ಸಾರ್ ಎಂದೆ. ಎದುರುಗಡೆಯೇ ಅದರ ಪಾತ್ರೆ ಹಬೆಯಾಡುತ್ತಿತ್ತು. ಅವರು ಅದನ್ನು ನೋಡಿದರು, ಬಗ್ಗಿ ಪೆನ್‌ಡ್ರೈವ್ ಚುಚ್ಚಿದರು.

ಕಳೆದ ವರ್ಷ, ಹತ್ತನೇ ಪುಸ್ತಕ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಹಾಲಿಗೆಂದು ಹೋದವರು ಡೈರಿಯ ಕಟ್ಟೆಯ ಮೇಲೆ ಕೂತರಂತೆ, ಏಳಲಿಲ್ಲ. ತಿಂಗಳು ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿ, ಉಳಿದ ಅಧ್ಯಾಯಗಳನ್ನು ತಂದುಕೊಡಬೇಕೆಂದು ಕೇಳಿಕೊಂಡರು. ಕಥೆ ಹದಿನಾರಕ್ಕೆ ಮುಗಿಯುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ನನ್ನ ಬಳಿ ಇನ್ನೂ ಟೈಪಾಗದ ಹದಿಮೂರು, ಹದಿನೈದರ ಕೈಬರಹದ ಹಾಳೆಗಳಿದ್ದವು. ಮಿಕ್ಕಿದ್ದನ್ನು ತರಲು ಶಿಡ್ಲಘಟ್ಟಕ್ಕೆ ಹೋದೆ.

ಗೂಡಿನ ಮಾರ್ಕೆಟ್ಟಿನ ಹತ್ತಿರದ ಆ ಅಂಗಡಿಯವರನ್ನು ನೋಡಿದ್ದು ಅದೇ ಮೊದಲು. ನಮಸ್ಕಾರಕ್ಕೂ ಮೊದಲು ಅವರು ಕೇಳಿದರು: "ಹದಿನಾರು ನಿಮ್ಮತ್ರ ಇದೆಯಾ?"

"ಅದು ಸಮ. ನಿಮ್ಮ ಪಾಲಿಂದು."

"ನನಗೆ ಹದಿನಾಲ್ಕೇ ಕೊನೆ" ಎಂದವರು ನನ್ನ ಬ್ಯಾಗಿನ ಕಡೆ ನೋಡಿದರು. ನಾನು ಅವರ ಮೇಜಿನ ಡ್ರಾಯರಿನ ಕಡೆ ನೋಡಿದೆ. ಆಮೇಲೆ ಅವರಿಗೇ ತಡೆಯಲಾಗಲಿಲ್ಲವೇನೋ. "ಹುಳದ ಪುಸ್ತಕದಲ್ಲಿ ಆ ಗಂಟು ನಂದು ಮೇಡಂ. ನಮ್ಮಪ್ಪ ರೀಲರ್ರು. ಎಳೆ ತುಂಡಾದ್ರೆ ಏನ್ ಮಾಡ್ತೀರಿ ಅಂತ ಮೇಷ್ಟ್ರು ಕೇಳಿದ್ರು. ಗಂಟು ಹಾಕ್ಕೊಂಡು ಮುಂದೆ ಹೋಗ್ತೀವಿ ಅಂದೆ. ಒಂದ್ ಮಾತು ಹೇಳ್ದೇನೆ ಹಾಕ್ಕೊಂಡ್ರು."

"ಚಿಟ್ಟೆ?"

"ಅದು ಮೇಷ್ಟ್ರದ್ದು."

"ಅದು ನಂದು" ಎಂದೆ.

ಇಬ್ಬರೂ ಒಂದೇ ಬಸ್ಸಿನಲ್ಲಿ ದಿಬ್ಬೂರಹಳ್ಳಿಗೆ, ಮೇಷ್ಟ್ರ ಮನೆಗೆ ಹೋದೆವು. ಹದಿನಾರನೆಯದು ಅಲ್ಲಿಯೂ ಇರಲಿಲ್ಲ. "ಬರೆದಿದ್ರೆ ತಾನೆ ಇರೋಕೆ" ಎಂದರು ಮೇಷ್ಟ್ರ ಹೆಂಡತಿ. "ನಿಮ್ಮಿಬ್ರನ್ನೂ ಕೇಳ್ದೆ ಕೊನೇ ಅಧ್ಯಾಯ ಮುಟ್ತಿರ್ಲಿಲ್ಲ ಕಣಮ್ಮ. ಪೂರ್ತಿ ಗೊತ್ತಿರೋರು ತೆಪ್ಪಗಿರ್ತಾರೆ, ಅರ್ಧ ಗೊತ್ತಿರೋರೇ ಕಥೆ ಹೇಳೋದು ಅಂತಿದ್ರು. ಆ ಮೇಡಮ್ಮ ಬಾಯೇ ಬಿಡಲ್ಲ, ಒಂದ್ಸಲ ಬಿಟ್ಟಿದ್ದಕ್ಕೆ ಬಂಗಾರದಂಥ ಮಾತು ಬಂತು, ರೇಗಿಸಿದ್ಮೇಲೆ ಇನ್ನೂ ಬಂತು ಅಂತ ಎಷ್ಟು ದಿನ ಹೇಳ್ಕೊಂಡ್ರೋ."

"ಮತ್ತೆ ಅಷ್ಟೊಂದು ಅನುಮಾನ ಪಡ್ತಿದ್ರಲ್ಲಮ್ಮ?"

"ಅನುಮಾನಾನಾ? ಈ ಮನೆಗೆ ಒಂದು ಬೀಗ ತಂದವರಲ್ಲ."

ತೀರಿಹೋದ ಗಂಡನ ಬಗ್ಗೆ ಹೆಂಡತಿ ಹೇಳುವ ಮಾತನ್ನು ಹಾಗೇ ನುಂಗುವವಳಲ್ಲ ನಾನು. ಅಷ್ಟು ನಂಬಿಕೆಯಿದ್ದವರಿಗೆ ಕೊರಳಲ್ಲಿ ಪೆನ್‌ಡ್ರೈವ್ ಯಾಕೆ? ಪುಸ್ತಕದಲ್ಲಿ ನಮ್ಮದೊಂದು ಹೆಸರು ಹಾಕಲು ಏನಾಗಿತ್ತು? ಅದು ನನಗೆ ಈಗಲೂ ಬಗೆಹರಿದಿಲ್ಲ. ಆದರೆ ನಿನಗೇನನಿಸುತ್ತದೆ ಎಂದು ಕೇಳಿ, ಟೀ ಆರುವವರೆಗೆ ಉತ್ತರಕ್ಕೆ ಕಾದವರು ನನ್ನ ಜೀವಮಾನದಲ್ಲಿ ಅವರೊಬ್ಬರೇ. ಅಂಥವರಿಗೆ ವರ್ಷಗಟ್ಟಲೆ ಗೊತ್ತಿಲ್ಲ ಸಾರ್ ಎಂದೆ. ಗೊತ್ತಿತ್ತು. ಪ್ರತಿ ಸಲವೂ ಏನಾದರೊಂದು ಹೊಳೆದಿರುತ್ತಿತ್ತು.

ಅವತ್ತು ಸಂಜೆಯವರೆಗೆ ಆ ಮನೆಯ ಜಗಲಿಯ ಮೇಲೆ ಕೂತು, ನಾನು ಬೆಸ ಅಧ್ಯಾಯಗಳನ್ನೂ ಶಿಡ್ಲಘಟ್ಟದವರು ಸಮ ಅಧ್ಯಾಯಗಳನ್ನೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಆಮೇಲೆ ಹದಿನಾರನೆಯದರ ಬಗ್ಗೆ ಮೂರು ವಾರ ಜಗಳವಾಡಿದೆವು, ಟೈಪ್ ಮಾಡಿದೆವು, ಕಳಿಸಿದೆವು.

ಬೆಂಗಳೂರಿನಿಂದ ಪ್ರಕಾಶಕರು ಫೋನ್ ಮಾಡಿದರು. ಕೊನೆಯ ಅಧ್ಯಾಯಕ್ಕೆ ಮೇಷ್ಟ್ರ ಕೈಬರಹದ ಪ್ರತಿ ಇಲ್ಲವಲ್ಲ, ಇದನ್ನು ಬರೆದವರು ಯಾರು ಎಂದರು. ಮೇಷ್ಟ್ರೇ, ಎಂದೆ. ಬಾಯಲ್ಲಿ ಹೇಳಿದರು, ನಾವು ಟೈಪ್ ಮಾಡಿಕೊಂಡೆವು.

ಅವರು ನಂಬಿದಂತೆ ಕಾಣಲಿಲ್ಲ.